ಪಂಪ್‌ಸೆಟ್ಟಿಗೆ ಹಾಕಿಸಿದ ನೀರು ಬೇರ್ಪಡಿಸೋ ಫಿಲ್ಟರ್: ಎರಡು ಮಳೆಗಾಲ ಆದ ಮೇಲೆ

ಹಾವೇರಿ ಹತ್ತಿರ ವರದಾ ದಂಡೆಯಲ್ಲಿ ನಮ್ಮ ಹೊಲ. ಕರೆಂಟ್ ಕೈಕೊಟ್ಟಾಗ ಹೊಳೆ ನೀರೆತ್ತೋಕೆ 5 ಎಚ್‌ಪಿ ಡೀಸೆಲ್ ಎಂಜಿನ್ ಇದೆ, ಹ್ಯಾಂಡಲ್ ತಿರುಗಿಸಿ ಶುರು ಮಾಡುವಂಥದ್ದು. ಒಂದಿನ ಅದು ಬಿಳಿ ಹೊಗೆ ಬಿಟ್ಟು ಕೆಮ್ಮಲು ಶುರು ಮಾಡಿತು. "ಡೀಸೆಲ್‌ನ್ಯಾಗ ನೀರು ಸೇರ್ಯಾವ್ರಿ ಅಣ್ಣಾರ, ನಾಝಲ್ ಹೋಗೇತಿ" ಅಂದ ಮೆಕ್ಯಾನಿಕ್. ನಾಝಲ್ ಅಂದ್ರೆ ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಮೂತಿ. ಅವನ ಬಿಲ್ ನೋಡಿ ಮರುದಿನವೇ ಹುಬ್ಬಳ್ಳಿಗೆ ಹೋಗಿ ಈ ಫಿಲ್ಟರ್ ತಂದೆ. 1,350 ರೂಪಾಯಿ.

ಇದರ ಕೆಳಗೊಂದು ಗಾಜಿನಂಥ ಬಟ್ಟಲಿದೆ. ನನಗೆ ಇಷ್ಟವಾಗಿದ್ದೇ ಅದು. ದಿನಾ ಬೆಳಗ್ಗೆ ಹ್ಯಾಂಡಲ್ ಮುಟ್ಟುವ ಮೊದಲು ಅದರ ಮುಂದೆ ಕುಕ್ಕರಗಾಲಲ್ಲಿ ಕೂರುತ್ತೇನೆ. ನೀರು ಡೀಸೆಲ್‌ಗಿಂತ ಭಾರ, ರಾತ್ರಿಯೆಲ್ಲ ತಳಕ್ಕೆ ಇಳಿದಿರುತ್ತದೆ. ಮೇಲೆ ಹಳದಿ, ಕೆಳಗೆ ತಿಳಿ, ನಡುವೆ ಕೂದಲೆಳೆಯಷ್ಟು ಗೆರೆ. ಬಟ್ಟಲಿನ ತಳದ ಸ್ಕ್ರೂ ಸಡಿಲಿಸಿ ಹಳೇ ಸ್ಟೀಲ್ ಲೋಟ ಹಿಡಿದರೆ ಮೊದಲು ನೀರು, ಆಮೇಲೆ ಡೀಸೆಲ್. ಬಣ್ಣ ಬದಲಾದ ತಕ್ಷಣ ಬಿಗಿ ಮಾಡಬೇಕು.

ಆದರೆ ದಿನಾ ಎರಡು ಚಮಚ ನೀರು ಎಲ್ಲಿಂದ ಬರುತ್ತೆ? ಬಂಕಿನವರನ್ನು ಸುಮ್ನೆ ಬೈದೆ. ತಪ್ಪು ನಮ್ಮ ಡೀಸೆಲ್ ಡ್ರಮ್ಮಿನದು. ಬಯಲಲ್ಲಿ ನೆಟ್ಟಗೆ ನಿಲ್ಲಿಸಿದ್ದೆವು, ಮೇಲಿನ ಅಂಚೊಳಗೆ ಮಳೆನೀರು ನಿಲ್ಲುತ್ತಿತ್ತು. ಹಗಲು ಕಾದು ಒಳಗಿನ ಗಾಳಿ ಹೊರಗೆ ಹೋಗುತ್ತದೆ, ರಾತ್ರಿ ತಣಿದಾಗ ಬಿರಡೆ ಸಂದಿಯಿಂದ ಆ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಡ್ರಮ್ ಕೊಟ್ಟಿಗೆ ಸೇರಿತು. ಸಂಜೆಯೇ ಟ್ಯಾಂಕ್ ಕಂಠದವರೆಗೆ ತುಂಬಿಸೋದೂ ರೂಢಿಯಾಯಿತು, ಖಾಲಿ ಜಾಗ ಇದ್ದರಲ್ವಾ ಒಳಗೆ ಬೆವರೋದು. ಈಗ ಲೋಟದಲ್ಲಿ ನಾಲ್ಕು ಹನಿ ಬಂದರೆ ಜಾಸ್ತಿ.

ಇಷ್ಟು ಹೊಗಳಿದ ಮೇಲೆ ಆ ಸ್ಕ್ರೂ ವಿಷಯಕ್ಕೆ ಬರುತ್ತೇನೆ. ಪ್ಲಾಸ್ಟಿಕ್ಕು! ಐದೇ ತಿಂಗಳಿಗೆ ರಬ್ಬರ್ ಉಬ್ಬಿತು, ಎಳೆ ಸವೆಯಿತು. ರಾತ್ರಿಯೆಲ್ಲ ತೊಟ್ಟಿಕ್ಕಿ ಬೆಳಗ್ಗೆ ಕೆಳಗಿಟ್ಟ ಡಬ್ಬಿಯಲ್ಲಿ ಅರ್ಧ ಲೋಟ ಡೀಸೆಲ್. ಈಗಿನ ರೇಟಿನಲ್ಲಿ ಹೊಟ್ಟೆ ಉರಿಯುತ್ತದೆ. ಅಂಗಡಿಯವನು "ಗ್ಯಾರಂಟಿ ಫಿಲ್ಟರಿಗಷ್ಟೇ, ಸ್ಕ್ರೂಗಿಲ್ರೀ" ಅಂದ. ಸ್ಕ್ರೂ ಇಲ್ಲದ ಫಿಲ್ಟರ್ ಏನು ಮಾಡೋದು, ಉಪ್ಪಿನಕಾಯಿ ಹಾಕೋದಾ? ಕೊನೆಗೆ ಹಾವೇರಿಯ ಲೇತಿನಲ್ಲಿ 200 ರೂಪಾಯಿಗೆ ಹಿತ್ತಾಳೆಯದ್ದು ಮಾಡಿಸಿದೆ. ವರ್ಷವಾಯಿತು, ಒಂದು ಹನಿ ಸೋರಿಲ್ಲ.

ಸೈಲೆನ್ಸರಿನಿಂದ ಎಂಜಿನ್ ಒಳಗೇ ಇಳಿಯುವ ಮಳೆನೀರಿಗೆ ಈ ಫಿಲ್ಟರ್ ಏನೂ ಮಾಡಲ್ಲ, ಅದಕ್ಕೆ ತಗಡಿನ ಡಬ್ಬಿ ಬೋರಲು ಹಾಕಬೇಕು. ಮಿರಗಾ ಮಳೆಯಲ್ಲಿ ಒಮ್ಮೆ ಮರೆತೆ, ಹ್ಯಾಂಡಲ್ ತಿರುಗಲೇ ಇಲ್ಲ. ಅಂಥ ಹೊತ್ತಲ್ಲಿ ಜಗ್ಗಬಾರದು. ನೀರು ಗಾಳಿಯಂತೆ ಅಮುಕೋದಿಲ್ಲ, ಪಿಸ್ಟನ್ ತಳ್ಳೋ ಕನೆಕ್ಟಿಂಗ್ ರಾಡೇ ಬಾಗುತ್ತದೆ. ವಾಲ್ವ್ ತೆರೆದಿಡುವ ಡಿಕಂಪ್ರೆಶನ್ ಲಿವರ್ ಎತ್ತಿ ಮೆಲ್ಲಗೆ ತಿರುಗಿಸಿ ನೀರು ಹೊರಹಾಕಿದೆ. ಆಯಿಲ್ ಹಾಲು ಹಾಕಿದ ಚಹಾದಂತಾಗಿತ್ತು, ಅದನ್ನೂ ಬದಲಾಯಿಸಿದೆ.

ಕೊಳ್ಳೋರು ಅಂಗಡಿಯಲ್ಲೇ ಸ್ಕ್ರೂ ಬಿಚ್ಚಿ ನೋಡಿ. ಪ್ಲಾಸ್ಟಿಕ್ ಇದ್ದರೆ ಲೇತಿನವನ 200 ರೂಪಾಯಿ ಅಲ್ಲೇ ಚೌಕಾಸಿ ಮಾಡಿ ಮುರಿದುಕೊಳ್ಳಿ.