ಕೈಕೊಟ್ಟ ಬಂದೂಕುಗಳ ಮಾಡೆಲ್ ಸೆಟ್: ರಾಸ್ ಅದ್ಭುತ, ಶೋಶಾ ಮಾತ್ರ ಕೆಡಿಸಿದ್ದಾರೆ

ಮೊದಲೇ ಹೇಳಿಬಿಡುತ್ತೇನೆ. ಈ ಸೆಟ್ಟಿನಲ್ಲಿರುವ ಶೋಶಾ ಮೆಷಿನ್‌ಗನ್ನಿನ ಮ್ಯಾಗಜೀನ್, ಅಂದರೆ ಗುಂಡು ತುಂಬುವ ಡಬ್ಬಿ, ಎರಡೂ ಕಡೆ ಮುಚ್ಚಿದೆ. ಅದನ್ನು ನೋಡಿದಾಗ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಯುದ್ಧದಲ್ಲಿ ಕೈಕೊಟ್ಟ ಮೂರು ಬಂದೂಕುಗಳ ಪ್ಲಾಸ್ಟಿಕ್ ಮಾಡೆಲ್‌ಗಳು ಇದರಲ್ಲಿವೆ. ಬಿಚ್ಚಬಹುದು, ಜೋಡಿಸಬಹುದು. ಅಳತೆ, ತೂಕ ಎಲ್ಲ ಡಬ್ಬದ ಮೇಲಿದೆ, ನೋಡಿಕೊಳ್ಳಿ. ನಾನು ಪುಣೆಯ ಭೋಸರಿಯಲ್ಲಿ ಒಂದು ಟೂಲ್‌ರೂಮಿನಲ್ಲಿ ಹುಡುಗರಿಗೆ ಕೆಲಸ ಕಲಿಸುತ್ತೇನೆ. ವಿಜಯಪುರ, ಬೀದರ್, ಕಲಬುರಗಿ ಕಡೆಯ ಹುಡುಗರೇ ಜಾಸ್ತಿ. ಡಿಸೈನ್ ತಪ್ಪಾದರೆ ಏನಾಗುತ್ತದೆ ಅಂತ ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ಕೈಗೆ ಕೊಡಬೇಕು. ಅದಕ್ಕೇ ಈ ಸೆಟ್ ತಗೊಂಡೆ. ನನ್ನ ಸಂಬಳಕ್ಕೆ ಇದು ಸಣ್ಣ ಖರ್ಚಲ್ಲ.

ಶೋಶಾ ಕಥೆ ಗೊತ್ತಿದ್ದವರಿಗೆ ನನ್ನ ಸಿಟ್ಟು ಅರ್ಥವಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್ ಇದನ್ನು ಎರಡು ಲಕ್ಷಕ್ಕೂ ಹೆಚ್ಚು ಮಾಡಿತು. ಬೈಸಿಕಲ್ ತಯಾರಿಸುತ್ತಿದ್ದ ಗ್ಲಾಡಿಯೇಟರ್ ಕಾರ್ಖಾನೆಯಲ್ಲಿ ತಯಾರಾಯಿತು. ಪೈಪು, ಒತ್ತಿದ ತಗಡು, ಬೇಗ ಮುಗಿಯುವ ಕೆಲಸ. ಅದರ 8 ಎಂಎಂ ಲೆಬೆಲ್ ಗುಂಡಿನ ಹಿಂಭಾಗ ದಪ್ಪ, ಮುಂದೆ ಹೋದಂತೆ ಸಣ್ಣ. 20 ಗುಂಡು ಒಂದರ ಮೇಲೊಂದು ಕೂರಿಸಿದರೆ ಸಾಲು ಬಾಗುತ್ತದೆ, ಹಾಗಾಗಿ ಮ್ಯಾಗಜೀನ್ ಅರ್ಧಚಂದ್ರದಂತಾಯಿತು. ಅದರ ಬಲಗಡೆ ದೊಡ್ಡ ಕಿಂಡಿಗಳು. ಎಷ್ಟು ಗುಂಡು ಉಳಿದಿವೆ ಅಂತ ನೋಡಲು ಅನುಕೂಲ. ಆದರೆ ಕಂದಕದ ಕೆಸರಿಗೂ ಅದೇ ಬಾಗಿಲು. ತಗಡೂ ತೆಳು, ಸ್ವಲ್ಪ ಬಿದ್ದರೂ ತಗ್ಗು. ಗನ್ ಜಾಮ್ ಆಗುತ್ತಿದ್ದುದರಲ್ಲಿ ದೊಡ್ಡ ಪಾಲು ಈ ಮ್ಯಾಗಜೀನಿನದೇ. ಸೈನಿಕರು ಪೂರ್ತಿ 20 ತುಂಬದೆ ಒಂದೆರಡು ಕಡಿಮೆ ತುಂಬುತ್ತಿದ್ದರು.

ಇಷ್ಟೆಲ್ಲ ಇರುವ ಕಿಂಡಿಯನ್ನೇ ಮಾಡೆಲ್ ಮಾಡಿದವರು ಮುಚ್ಚಿಬಿಟ್ಟಿದ್ದಾರೆ! ಬರೆದು ಕೇಳಿದೆ. ಕಿಂಡಿ ಇಟ್ಟರೆ ಪಾರ್ಸೆಲ್‌ನಲ್ಲಿ ಮುರಿಯುತ್ತದೆ ಅಂತ ಉತ್ತರ ಬಂತು. ಮುಚ್ಚಿದ ಮ್ಯಾಗಜೀನನ್ನು 1918ರ ಮೇ ತಿಂಗಳಲ್ಲಿ ಫ್ರೆಂಚರೂ ಪರೀಕ್ಷೆ ಮಾಡಿ ನೋಡಿದ್ದರು, ಅದು ಚೆನ್ನಾಗಿಯೇ ನಡೆಯಿತು. ಆದರೆ ಸೈನಿಕರ ಕೈಗೆ ತಲುಪುವಷ್ಟು ಸಮಯ ಉಳಿದಿರಲಿಲ್ಲ. ಡಬ್ಬದ ಮೇಲೆ ಇವರು ಹಾಕಿರುವ ವರ್ಷ 1916. ಆ ವರ್ಷದ ಶೋಶಾಗೆ ಈ ಮ್ಯಾಗಜೀನ್ ಸುಳ್ಳು.

ಈಗ ರಾಸ್ ರೈಫಲ್. ಇದನ್ನು ಕೈಗೆತ್ತಿಕೊಂಡರೆ ಆ ಸಿಟ್ಟು ಅರ್ಧ ಕರಗುತ್ತದೆ.

ಕೆನಡಾದ ಸೈನಿಕರು 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಕದನಕ್ಕೆ ಒಯ್ದದ್ದು ಇದನ್ನೇ. ಬೋಲ್ಟನ್ನು (ಗುಂಡನ್ನು ಒಳಗೆ ತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ಭಾಗ) ತಿರುಗಿಸುವುದು ಬೇಡ, ನೇರವಾಗಿ ಎಳೆದು ತಳ್ಳಿದರೆ ಸಾಕು. ಒಳಗಿನ ಸುರುಳಿ ಮರೆಯಿಂದ (ಸ್ಕ್ರೂವಿನಲ್ಲಿರುವಂಥ ತಿರುಪು) ಬೋಲ್ಟ್ ತಲೆ ತಾನೇ ತಿರುಗಿ ಲಾಕ್ ಆಗುತ್ತದೆ. ಗುರಿ ಬಹಳ ಚೆನ್ನಾಗಿತ್ತು, ಸ್ನೈಪರ್‌ಗಳು ಕೊನೆಯವರೆಗೂ ಇದನ್ನು ಬಿಡಲಿಲ್ಲ. ಆದರೆ ಕೆಸರು ಸೇರಿದರೆ, ಬ್ರಿಟಿಷ್ ಗುಂಡು ಸ್ವಲ್ಪ ದಪ್ಪಗಿದ್ದರೆ, ಬೋಲ್ಟ್ ಕಚ್ಚಿಕೊಳ್ಳುತ್ತಿತ್ತು. ಬೂಟಿನಿಂದ ಒದ್ದು ತೆಗೆಯುತ್ತಿದ್ದರಂತೆ. ಸತ್ತ ಬ್ರಿಟಿಷ್ ಸೈನಿಕರ ಲೀ-ಎನ್‌ಫೀಲ್ಡ್ ಎತ್ತಿಕೊಂಡು ರಾಸ್ ಬಿಸಾಡಿದವರು ಬಹಳ ಮಂದಿ. 1916ರಲ್ಲಿ ಸೈನ್ಯವೇ ಲೀ-ಎನ್‌ಫೀಲ್ಡಿಗೆ ಬದಲಾಯಿತು.

ಇನ್ನೊಂದು ತಪ್ಪು ಇದಕ್ಕಿಂತ ಭಯಂಕರ. ಬಿಚ್ಚಿ ತೊಳೆದ ಮೇಲೆ ಬೋಲ್ಟನ್ನು ತಪ್ಪಾಗಿ ಜೋಡಿಸಿದರೂ ಅದು ರೈಫಲ್ ಒಳಗೆ ಹೋಗುತ್ತದೆ, ಮುಚ್ಚಿದಂತೆಯೂ ಕಾಣುತ್ತದೆ. ಆದರೆ ಲಾಕ್ ಆಗಿರುವುದಿಲ್ಲ. ಗುಂಡು ಹಾರಿಸಿದರೆ ಬೋಲ್ಟ್ ಹಿಂದಕ್ಕೆ ಬಂದು ಹಾರಿಸಿದವನ ಮುಖಕ್ಕೇ ಬಡಿಯುತ್ತದೆ. ಆಮೇಲೆ ಬೋಲ್ಟ್ ತೋಳಿಗೆ (ಬೋಲ್ಟ್ ತಲೆ ಕೂರುವ ಹೊರಗಿನ ಕೊಳವೆ) ಒಂದು ರಿವೆಟ್ ಹೊಡೆದು ಇದನ್ನು ತಡೆದರು. ಒಂದೇ ಒಂದು ರಿವೆಟ್!

ಮಾಡೆಲ್‌ನಲ್ಲಿ ಇದು ಹಾಗೇ ಇದೆ, ರಿವೆಟ್ ಇಲ್ಲದ ರೂಪದಲ್ಲಿ. ಪ್ರತಿ ಶನಿವಾರ ಚಹಾ ಆದ ಮೇಲೆ ಬೆಂಚಿನ ಮೇಲೆ ಹಳೇ ಬನಿಯನ್ ಬಟ್ಟೆ ಹಾಸುತ್ತೇನೆ. ಬೋಲ್ಟ್ ಬಿಚ್ಚಿ ತೋಳು, ತಲೆ, ಸ್ಪ್ರಿಂಗ್ ಸಾಲಾಗಿ ಇಡುತ್ತೇನೆ. ಮರೆಗೆ ಒಂದು ಹನಿ ಹೊಲಿಗೆ ಮಷೀನಿನ ಎಣ್ಣೆ. ಹುಡುಗರು ಜೋಡಿಸಿ ಮುಂದಕ್ಕೆ ತಳ್ಳುತ್ತಾರೆ. "ಸರಿ ಆಯ್ತಲ್ರೀ ಸರ್" ಅನ್ನುತ್ತಾರೆ. ಆಗ ಬೋಲ್ಟನ್ನು ಹಿಂದಕ್ಕೆ ಎಳೆದು ತಲೆ ಮತ್ತು ತೋಳಿನ ನಡುವಿನ ಸಂದಿಗೆ ಟಾರ್ಚ್ ಬಿಡುತ್ತೇನೆ. ಸರಿ ಜೋಡಿಸಿದರೆ ಆ ಸಂದಿ ಅಗಲ, ತಪ್ಪಾದರೆ ಕಿರಿದು. ಬರಿಗಣ್ಣಿಗೆ ಸಿಗುವ ವ್ಯತ್ಯಾಸ, ಆದರೆ ಹುಡುಕಿದರೆ ಮಾತ್ರ. ಪೋಕಾ-ಯೋಕೆ (ತಪ್ಪಾಗಿ ಜೋಡಿಸಲು ಬಾರದಂತೆ ಡಿಸೈನ್ ಮಾಡುವ ಜಪಾನಿ ಪದ್ಧತಿ) ಬಗ್ಗೆ ಗೋಡೆಯ ಪೋಸ್ಟರ್ ಕಲಿಸದ್ದನ್ನು ಈ ಸಂದಿ ಕಲಿಸಿದೆ. ಎರಡು ಮಳೆಗಾಲ ಕಳೆದರೂ ಮರೆ ಸವೆದಿಲ್ಲ.

ಮೂರನೆಯದು ಜಪಾನಿನ ಟೈಪ್ 94 ಪಿಸ್ತೂಲು. ಎಡಗಡೆ ಹೊರಗೇ ಇರುವ ಸಿಯರ್ ಪಟ್ಟಿ (ಹಾರಿಸುವ ಭಾಗವನ್ನು ತಡೆದು ಹಿಡಿಯುವ ಪಟ್ಟಿ) ಒತ್ತಿದರೆ ಟ್ರಿಗರ್ ಮುಟ್ಟದೆಯೇ ಗುಂಡು ಹಾರುವ ಪಿಸ್ತೂಲು ಅದು. ಮಾಡೆಲ್‌ನಲ್ಲೂ ಪಟ್ಟಿ ಒತ್ತಿದರೆ ಟಕ್ ಅನ್ನುತ್ತದೆ. ಸ್ಪ್ರಿಂಗ್ ಸ್ವಲ್ಪ ಮೆತ್ತಗಾಗಿದೆ, ಅಷ್ಟೇ.

ಶೋಶಾಗೆ ನಾವೇ ದಾರಿ ಹುಡುಕಿದೆವು. ಬೀದರಿನ ಹುಡುಗನೊಬ್ಬ ಹಳೇ ಫೋಟೋ ನೋಡಿ ಅಳತೆ ಹಾಕಿ, ಸಣ್ಣ ಅರದಲ್ಲಿ ಉಜ್ಜಿ ಬಲಗಡೆ ಕಿಂಡಿ ತೆರೆದ. ಅಂಚನ್ನು ಎಷ್ಟು ನಯವಾಗಿ ತೆಗೆದಿದ್ದಾನೆ ಅಂದರೆ ಬೆರಳಿಗೆ ಏನೂ ತಾಗುವುದಿಲ್ಲ. ಗ್ರೈಂಡಿಂಗ್ ಮಷೀನಿನ ಕೆಳಗಿನ ಪುಡಿ ಒಂದು ಚಿಟಿಕೆ ಉದುರಿಸಿದೆವು. ಗುಂಡನ್ನು ಮೇಲೆತ್ತುವ ತಟ್ಟೆ ಅರ್ಧಕ್ಕೇ ಕಚ್ಚಿ ನಿಂತಿತು. ಎಲ್ಲರೂ ಬಗ್ಗಿ ನೋಡಿದರು.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಅದು ಪೂರ್ತಿ ರಾಸ್ ದೆಸೆಯಿಂದ. ರಾಸ್ ಒಂದನ್ನೇ ಬಿಡಿಯಾಗಿ ಮಾರಿದರೆ ಐಟಿಐಗಳು ಖಂಡಿತ ತಗೊಳ್ಳಬೇಕು. ಕಿಂಡಿ ಇರುವ ಮ್ಯಾಗಜೀನನ್ನು ಬೇರೆಯಾಗಿ ಮಾಡಿಕೊಡಿ ಅಂತ ಮತ್ತೆ ಬರೆದಿದ್ದೇನೆ. ಐನೂರು ರೂಪಾಯಿ ಒಳಗಿದ್ದರೆ ನಾನೇ ಮೊದಲು ಆರ್ಡರ್ ಹಾಕುತ್ತೇನೆ.