ಉಪ್ಪಿನಕಾಯಿ ವ್ಯಾಪಾರಕ್ಕೆ ವಾಟ್ಸಾಪ್ ಬಿಸಿನೆಸ್: ನಾಲ್ಕು ವರ್ಷ ಬಳಸಿದ ಮೇಲೆ

ಕ್ಯಾಟಲಾಗ್ ಹೇಗೆ ಹಾಕೋದು, ಅಂಗಡಿ ಸಮಯ ಹೇಗೆ ತುಂಬೋದು ಅನ್ನೋದಕ್ಕೆ ಯೂಟ್ಯೂಬಿನಲ್ಲಿ ಬೇಕಾದಷ್ಟು ವಿಡಿಯೋ ಇವೆ. ಅದನ್ನು ನಾನು ಮತ್ತೆ ಬರೆಯುವುದಿಲ್ಲ. ನನಗೆ ಹೇಳಬೇಕಾಗಿರುವುದು ಗ್ರೂಪಿನ ಕತೆ.

ನಮ್ಮದು ಹೊಸನಗರ ತಾಲೂಕು. ಅತ್ತೆ ಮತ್ತು ನಾನು ಸೇರಿ ವರ್ಷಕ್ಕೆ ನಾನೂರು, ನಾನೂರೈವತ್ತು ಬಾಟಲಿ ಅಪ್ಪೆಮಿಡಿ (ಪರಿಮಳದ ಎಳೇ ಮಾವಿನಕಾಯಿ) ಉಪ್ಪಿನಕಾಯಿ ಮಾಡುತ್ತೇವೆ, ಅದಕ್ಕಿಂತ ಜಾಸ್ತಿ ನಮ್ಮ ಕೈಲಿ ಆಗುವುದಿಲ್ಲ. ಹಾಗಾಗಿ ಸಾವಿರಗಟ್ಟಲೆ ಫಾಲೋವರ್ಸ್ ಬೇಕು ಅನ್ನುವವರು ಈ ವಿಮರ್ಶೆ ಓದಿ ಪ್ರಯೋಜನವಿಲ್ಲ. ನನಗೆ ಬೇಕಿದ್ದದ್ದು ಪ್ರತಿ ವರ್ಷ ತಿರುಗಿ ಬರುವ ಇನ್ನೂರು ಮುನ್ನೂರು ಮನೆ, ಅಷ್ಟೇ.

2021ರಲ್ಲಿ ಶುರು ಮಾಡಿದಾಗ ಬ್ರಾಡ್‌ಕಾಸ್ಟ್ ಪಟ್ಟಿ ಒಂದೇ ಸಾಕು ಅಂದುಕೊಂಡಿದ್ದೆ. ಒಂದು ಪಟ್ಟಿಗೆ 256 ಜನ, ಒಂದೇ ಸಲ ಒತ್ತಿದರೆ ಎಲ್ಲರಿಗೂ ಹೋಗುತ್ತದೆ, ಆಮೇಲೆ ಬರೀ ಆರ್ಡರ್ ಬರೆದುಕೊಳ್ಳುವ ಕೆಲಸ! ಮೊದಲ ಮೆಸೇಜ್ ಕಳಿಸಿ ಸಂಜೆತನಕ ಫೋನ್ ಹಿಡಿದು ಕೂತೆ. ಹನ್ನೊಂದು ಉತ್ತರ ಬಂತು. ನಮ್ಮ ನಂಬರ್ ಯಾರ ಫೋನಿನಲ್ಲಿ ಸೇವ್ ಆಗಿದೆಯೋ ಅವರಿಗೆ ಮಾತ್ರ ಬ್ರಾಡ್‌ಕಾಸ್ಟ್ ತಲುಪುತ್ತದೆ ಅಂತ ನನಗೆ ಗೊತ್ತಾಗಿದ್ದೇ ಆಮೇಲೆ. ಉಪ್ಪಿನಕಾಯಿಯವಳ ನಂಬರನ್ನು ಯಾರು ಸೇವ್ ಮಾಡಿಕೊಳ್ಳುತ್ತಾರೆ ಹೇಳಿ. ಈಗ ಪ್ರತಿ ಪಾರ್ಸೆಲ್ಲಿನಲ್ಲೂ ನಂಬರ್ ಸೇವ್ ಮಾಡಿಕೊಳ್ಳಿ ಅಂತ ಕೈಯಲ್ಲಿ ಬರೆದ ಚೀಟಿ ಇಡುತ್ತೇನೆ. ಅರ್ಧ ಜನ ಮಾಡಿಕೊಳ್ಳುತ್ತಾರೆ.

ಅದಕ್ಕೇ ಗ್ರೂಪು ಮಾಡಿದೆ. ಮೊದಲ ಎರಡು ತಿಂಗಳು ಹಬ್ಬ. ಆಮೇಲಿನದು ಸಾಕುಬೇಕಾಗಿ ಹೋಯಿತು. ಬೆಳಿಗ್ಗೆ ಎದ್ದರೆ ಗುಲಾಬಿ ಹೂವಿನ ಶುಭೋದಯ ನಲವತ್ತು, ದೇವರ ಫೋಟೋ ಇಪ್ಪತ್ತು, ಯಾವ ಊರಿನದೋ ಕಳ್ಳರ ವಿಡಿಯೋ. ನಮ್ಮನೆಯಲ್ಲಿ ಟವರ್ ಸಿಗುವುದು ಕೊಟ್ಟಿಗೆ ಪಕ್ಕದ ಹಲಸಿನ ಮರದ ಕೆಳಗೆ ಮಾತ್ರ. ಆ ಕಸವೆಲ್ಲ ಇಳಿದು ಮುಗಿಯುವವರೆಗೆ ನಿಜವಾದ ಆರ್ಡರ್ ಕಾಣಿಸುತ್ತಿರಲಿಲ್ಲ. ಸಾಲದ್ದಕ್ಕೆ, ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದಲ್ಲ, ಒಬ್ಬ ಸದಸ್ಯ ಅಷ್ಟೂ ನಂಬರ್ ತೆಗೆದುಕೊಂಡು ಒಬ್ಬೊಬ್ಬರಿಗೇ ವಿಮೆ ಮಾರಲು ಹೊರಟ. ಶಿವಮೊಗ್ಗದ ಒಬ್ಬ ಮೇಡಂ ಫೋನ್ ಮಾಡಿ, "ನಿಮ್ಮನ್ನ ನಂಬಿ ನಂಬರ್ ಕೊಟ್ಟಿದ್ದು ಕಣಮ್ಮ" ಅಂದರು. ಮುಖ ತೋರಿಸಲಾಗದ ಹಾಗಾಯಿತು.

ಅವನನ್ನು ತೆಗೆದೆ. ಸಿಟ್ಟಿನಲ್ಲಿ ಗ್ರೂಪಿಗೇ ಬೀಗ ಹಾಕಿದೆ. ಅಡ್ಮಿನ್ ಮಾತ್ರ ಬರೆಯಬಹುದು ಅಂತ ಒಂದು ಸೆಟ್ಟಿಂಗ್ ಇದೆ, ಅದು. ನಿಶ್ಶಬ್ದವೇನೋ ಆಯಿತು. ಆದರೆ ಆರ್ಡರ್ ಕೂಡ ನಿಶ್ಶಬ್ದ. ನಾನೊಬ್ಬಳೇ ಮಾತಾಡುತ್ತಾ, ಮೈಕ್ ಕಟ್ಟಿಕೊಂಡು ಬೀದಿಯಲ್ಲಿ ಹೋಗುವ ಆಟೋದವರ ತರಹ.

ಭಾನುವಾರದ ಉಪಾಯ ಕೊಟ್ಟಿದ್ದು ಅತ್ತೆ. ಅವರು ಫೋನ್ ಮುಟ್ಟುವವರಲ್ಲ. "ಸಂತೆ ದಿನಾ ಇರುತ್ತೇನೆ? ವಾರಕ್ಕೊಂದಿನ ತೆಗಿ" ಅಂದರು.

ಆವತ್ತಿನಿಂದ ಇದೇ ಪದ್ಧತಿ. ಭಾನುವಾರ ತಿಂಡಿ ಮುಗಿಸಿ, ಕೈ ತೊಳೆದು ಒರೆಸಿಕೊಂಡು, ಹಲಸಿನ ಮರದ ಕೆಳಗಿನ ಕಲ್ಲಿನ ಮೇಲೆ ಕೂತು ಬೀಗ ತೆಗೆಯುತ್ತೇನೆ. ಮೊದಲು ಒಂದು ಫೋಟೋ. ಫೆಬ್ರವರಿ, ಮಾರ್ಚಿನಲ್ಲಾದರೆ ರಿಪ್ಪನ್‌ಪೇಟೆಯಿಂದ ತಂದ ಮಿಡಿ, ತೊಟ್ಟು ಕಾಣುವ ಹಾಗೆ. ತೊಟ್ಟು ಮುರಿದರೆ ಸೊನೆ ಹೋಗುತ್ತದೆ, ಸೊನೆ ಹೋದರೆ ಪರಿಮಳ ಹೋಯಿತು, ಇದನ್ನು ಫೋಟೋದಲ್ಲಿ ತೋರಿಸಿದರೇ ಬೆಂಗಳೂರಿನವರಿಗೆ ಅರ್ಥವಾಗುವುದು. ಆಮೇಲಿನ ವಾರಗಳಲ್ಲಿ ಭರಣಿಯೊಳಗಿನ ಫೋಟೋ, ಮಿಡಿ ಉಪ್ಪಿನಲ್ಲಿ ನೀರು ಬಿಟ್ಟು ಸುಕ್ಕಾಗುತ್ತಾ ಬರುವುದು. ಜೊತೆಗೆ ಅರ್ಧ ನಿಮಿಷದ ಧ್ವನಿ. ಅದರಲ್ಲಿ ನಮ್ಮ ದನ ಕೂಗಿದ್ದು, ಹಂಚಿನ ಮೇಲೆ ಮಳೆ ಬಿದ್ದಿದ್ದು ಎಲ್ಲ ಸೇರಿರುತ್ತದೆ. ಮಳೆ ಸದ್ದಿಗೇ ಅಂತ ಕೇಳುವವರಿದ್ದಾರೆ. ಊರು ಬಿಟ್ಟು ಹೋದವರು, ಪಾಪ. ರಾತ್ರಿ ಎಂಟಕ್ಕೆ ಬೀಗ.

ಶುಭೋದಯ ತಾನಾಗಿಯೇ ನಿಂತಿತು. ಒಂದೇ ದಿನ ಸಿಗುವುದಾದರೆ ಜನ ನಿಜವಾದ ಮಾತೇ ಆಡುತ್ತಾರೆ. ಜೀರಿಗೆ ವಾಸನೆಯ ಮಿಡಿ ಯಾವುದು, ಉಳಿದ ರಸಕ್ಕೆ ಮೊಸರು ಹಾಕಿದರೆ ಹೇಗೆ, ಹೀಗೆ.

ಕಳೆದ ವರ್ಷ ಜುಲೈನಲ್ಲಿ ಒಂದು ಭಾನುವಾರ ಬೀಗ ತೆಗೆದೆ, ಅರ್ಧ ಗಂಟೆಗೆ ಟವರ್ ಹೋಯಿತು. ಲೈನಿನ ಮೇಲೆ ಮರ ಬಿದ್ದಿತ್ತು, ಕರೆಂಟೂ ಇಲ್ಲ. ಎರಡನೇ ದಿನ ಸಂಜೆ ಬಂದಾಗ ಅರವತ್ತಮೂರು ಮೆಸೇಜ್. ಮೊದಲನೆಯದೇ ಫೋಟೋ: ನಮ್ಮ ಬಾಟಲಿ, ಮೇಲೆ ಬಿಳೀ ಬೂಷ್ಟು. ಎದೆ ಧಸಕ್ಕೆಂದಿತು. ಕೆಳಗೆ ಓದುತ್ತಾ ಹೋದರೆ ಎಲ್ಲರೂ ನನ್ನ ಪರ. "ಒದ್ದೆ ಚಮಚ ಹಾಕಿದ್ರಾ?" ಅಂತ ಮೈಸೂರಿನ ಹಿರಿಯರೊಬ್ಬರು. "ಮೂರು ವರ್ಷದಿಂದ ತರಿಸ್ತಿದೀವಿ, ಒಮ್ಮೆಯೂ ಕೆಟ್ಟಿಲ್ಲ" ಅಂತ ಇನ್ನೊಬ್ಬರು. ಫೋಟೋ ಹಾಕಿದವರು ಪಾಪ ಸುಮ್ಮನಾಗಿಬಿಟ್ಟಿದ್ದರು.

ಖುಷಿಯಾಗಬೇಕಿತ್ತು ಅಲ್ವಾ? ನನಗೆ ಅನುಮಾನ. ಆ ಫೋಟೋದ ಬಾಟಲಿ ತುಂಬಿದ ದಿನವೇ ತುಂಬಿದ ಇನ್ನೊಂದು ಬಾಟಲಿ ಮನೆಯಲ್ಲಿತ್ತು, ತೆಗೆದು ನೋಡಿದೆ. ಮುಚ್ಚಳದ ಒಳಗಿನ ರಟ್ಟನ್ನು ಚಾಕುವಿನಿಂದ ಎಬ್ಬಿಸಿದರೆ ಹಿಂದೆ ಹಸಿ, ಬಿಳೀ ಎಳೆ. ಮಳೆಯಲ್ಲಿ ತೊಳೆದು ಸರಿಯಾಗಿ ಒಣಗಿಸದೆ ಮುಚ್ಚಿದ್ದು ನಾನೇ. ಅಡ್ಮಿನ್ ಆದವರು ಬೇರೆಯವರ ಮೆಸೇಜನ್ನೂ ಅಳಿಸಬಹುದು, ಮನೆಯವರು ಅದನ್ನೇ ಮಾಡು ಅಂದರು. ಮನಸ್ಸು ಬರಲಿಲ್ಲ. ರಟ್ಟಿನ ಫೋಟೋ ಹಾಕಿ, ಚಮಚದ್ದಲ್ಲ, ತಪ್ಪು ನಂದೇ ಅಂತ ಬರೆದೆ. ಈ ಆಪಿನ ಲೇಬಲ್ ನನ್ನ ಪ್ರಾಣ ಉಳಿಸಿದ್ದು ಆಗಲೇ. ಒಬ್ಬೊಬ್ಬರ ಚಾಟಿಗೂ ಯಾವ ಭರಣಿಯದು, ಯಾವ ದಿನ ತುಂಬಿದ್ದು ಅಂತ ಬಣ್ಣದ ಚೀಟಿ ಅಂಟಿಸಿಟ್ಟಿದ್ದೆ. ಅದನ್ನು ಒತ್ತಿದರೆ ಆವತ್ತಿನ ಇಪ್ಪತ್ತೆರಡು ಮನೆಯ ಪಟ್ಟಿ ಬಂತು. ಅಷ್ಟೂ ಮನೆಗೆ ಬೇರೆ ಬಾಟಲಿ ಕಳಿಸಿದೆ. ಆ ಸೀಸನ್ನಿನ ಲಾಭದಲ್ಲಿ ಅರ್ಧ ಅಲ್ಲೇ ಹೋಯಿತು. ಫೋಟೋ ಹಾಕಿದವರು ಇವತ್ತಿಗೂ ಗ್ರೂಪಿನಲ್ಲಿದ್ದಾರೆ, ಈ ವರ್ಷ ಮೂರು ಬಾಟಲಿ ಹೇಳಿದ್ದಾರೆ.

ಉಳಿದದ್ದು ಚುಟುಕಾಗಿ. ಉಚಿತ ಆಪು, ನನಗೆ ಖರ್ಚಾಗಿದ್ದು ಎರಡನೇ ಫೋನಿಗೆ ಏಳು ಸಾವಿರ ಮತ್ತು ರೀಚಾರ್ಜು. ರೆಡಿ ಉತ್ತರಗಳ ಸೌಲಭ್ಯ ಚೆನ್ನಾಗಿದೆ, ಓರೆಗೆರೆ ಹೊಡೆದು "ದರ" ಅಂದರೆ ಬೆಲೆಪಟ್ಟಿ ಪೂರ್ತಿ ಬರುತ್ತದೆ. ಸ್ಟೇಟಸ್ 24 ಗಂಟೆಗೆ ಹೋಗುತ್ತದೆ, ಆದರೂ ನನಗೆ ಕ್ಯಾಟಲಾಗಿಗಿಂತ ಅದರಿಂದಲೇ ಆರ್ಡರ್ ಜಾಸ್ತಿ. ನಂಬರಿನ ಭಯ ಇರುವವರು 2022ರ ನವೆಂಬರಿನಲ್ಲಿ ಬಂದ ಕಮ್ಯುನಿಟಿ, ಅಂದರೆ ಹಲವು ಗ್ರೂಪುಗಳನ್ನು ಒಂದೇ ಕಡೆ ಸೇರಿಸುವ ಸೌಲಭ್ಯ, ಅದನ್ನು ನೋಡಿ. ಅದರ ಪ್ರಕಟಣೆ ಗ್ರೂಪಿನಲ್ಲಿ ಸದಸ್ಯರ ನಂಬರ್ ಬೇರೆ ಸದಸ್ಯರಿಗೆ ಕಾಣುವುದಿಲ್ಲ. ಪಾರ್ಸೆಲ್ ಹೊರಟ ಸುದ್ದಿ ಈಗ ಅಲ್ಲಿ, ಹರಟೆ ಮಾತ್ರ ಭಾನುವಾರದ ಗ್ರೂಪಿನಲ್ಲಿ. ವಯಸ್ಸಾದವರಿಗೆ ಎರಡು ಕಡೆ ನೋಡುವುದು ಗೊಂದಲ, ಅವರಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಬೀಗ ತೆಗೆದು ಹಾಕುವುದಕ್ಕೆ ಆಳು ಬೇಕು, ಒಂದು ಅದಕ್ಕೆ ಕಡಿತ.

ಈಗ ಮಳೆಗಾಲದಲ್ಲಿ ಮುಚ್ಚಳಗಳನ್ನು ಬಚ್ಚಲೊಲೆಯ ಮೇಲೆ ತಂತಿ ಬುಟ್ಟಿ ಕಟ್ಟಿ ಒಣಗಿಸುತ್ತೇವೆ. ಭಾನುವಾರ ಬೀಗ ತೆಗೆದ ಕೂಡಲೇ ಮೈಸೂರಿನ ಆ ಹಿರಿಯರ ಮೊದಲ ಮೆಸೇಜ್ ಗ್ಯಾರಂಟಿ: "ಮುಚ್ಚಳ ಒಣಗ್ತಾ?"