ಸ್ಟೋರೇಜ್ ಡ್ರೈವರ್ 'ಅಬಾರ್ಟ್ ಆಯ್ತು' ಅಂದರೆ ತಕ್ಷಣ ನಂಬಬೇಡಿ

ಲಿನಕ್ಸ್ ಸರ್ವರ್ ನೋಡಿಕೊಳ್ಳುವವರು, ಅದರಲ್ಲೂ ಕರ್ನಲ್ (ಲಿನಕ್ಸ್‌ನ ತಿರುಳು) ಜೊತೆ ಬರುವ ಡ್ರೈವರ್ ಬಿಟ್ಟು ಕಂಪನಿ ಬೇರೆಯಾಗಿ ಕೊಟ್ಟ ಸ್ಟೋರೇಜ್ ಡ್ರೈವರ್ ಹಾಕಿಕೊಂಡವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮಲ್ಲಿ ಡೇಟಾ ಕೆಟ್ಟಿದ್ದು ಡಿಸ್ಕ್ ಹೋಗಿದ್ದರಿಂದ ಅಲ್ಲ. ಡ್ರೈವರ್ ಕರ್ನಲ್‌ಗೆ ಹೇಳಿದ ಸುಳ್ಳಿನಿಂದ.

ಒಂದು ಡಿಸ್ಕ್ ಸೊರಗುತ್ತಾ ಬಂದಿತ್ತು. ಕೆಟ್ಟ ಸೆಕ್ಟರ್ ಎದುರಾದಾಗ ಬಿಡದೆ ಮತ್ತೆ ಮತ್ತೆ ಓದಲು ನೋಡುತ್ತಿತ್ತು. ಡೆಸ್ಕ್‌ಟಾಪ್ ದರ್ಜೆಯ ಡಿಸ್ಕ್‌ಗಳು ಹೀಗೆ ಒಂದು ನಿಮಿಷಕ್ಕೂ ಜಾಸ್ತಿ ಒದ್ದಾಡುವುದುಂಟು. ಕರ್ನಲ್ ಮಾತ್ರ ಸಾಮಾನ್ಯವಾಗಿ 30 ಸೆಕೆಂಡ್ ಕಾಯುತ್ತದೆ. ಆಮೇಲೆ ಡ್ರೈವರ್‌ನ ಅಬಾರ್ಟ್ ಹ್ಯಾಂಡ್ಲರ್ ಕರೆದು, ಈ ಕಮಾಂಡ್ ರದ್ದು ಮಾಡು ಅನ್ನುತ್ತದೆ. ಲಾಗ್‌ನಲ್ಲಿ ಅಂಥ ಸಾಲುಗಳು ಆಗಾಗ ಕಾಣುತ್ತಿದ್ದವು. ಪ್ರತಿ ಸಲವೂ ಅಬಾರ್ಟ್ ಸಕ್ಸಸ್. ಮಿರರ್‌ನಲ್ಲಿ (ಒಂದೇ ಡೇಟಾವನ್ನು ಎರಡು ಡಿಸ್ಕಲ್ಲೂ ಇಡುವ ವ್ಯವಸ್ಥೆ) ಇನ್ನೊಂದು ಡಿಸ್ಕ್ ಇತ್ತು, ಕೆಲಸ ನಿಲ್ಲಲಿಲ್ಲ.

ಕೆಟ್ಟಿದ್ದು ಆ ಡಿಸ್ಕಿಗೆ ಸಂಬಂಧವೇ ಇಲ್ಲದ ಫೈಲ್‌ಗಳು. ಬಿಲ್ಲುಗಳ ಫೈಲ್ ತೆರೆದರೆ ನಡುವೆ ಹಳೇ ವೆಬ್ ಲಾಗ್‌ನ ಒಂದು ತುಂಡು. ಸರಿಯಾಗಿ 4096 ಬೈಟ್, ಅಂದರೆ ಒಂದು ಮೆಮೊರಿ ಪೇಜ್‌ನಷ್ಟು. ಅದರ ಹಿಂದಿನ ಬೈಟ್ ಸರಿ, ಮುಂದಿನ ಬೈಟ್ ಸರಿ. ಎಲ್ಲರಿಗೂ ಮೊದಲು ಮೆಮೊರಿ ಮೇಲೆ ಅನುಮಾನ. ಆದರೆ ಇಸಿಸಿ (ಮೆಮೊರಿ ತನ್ನ ತಪ್ಪನ್ನು ತಾನೇ ಹಿಡಿಯುವ ವ್ಯವಸ್ಥೆ) ಎರರ್ ಒಂದೂ ಇಲ್ಲ, ಮೆಮೊರಿ ಟೆಸ್ಟ್ ಕ್ಲೀನ್.

ಗುಟ್ಟು ಹೊರಬಿದ್ದಿದ್ದು ಐಒಎಂಎಂಯು ಅನ್ನು ಸ್ಟ್ರಿಕ್ಟ್ ಮೋಡ್‌ನಲ್ಲಿ ಆನ್ ಮಾಡಿದಾಗ. ಯಾವ ಸಾಧನ ಮೆಮೊರಿಯ ಯಾವ ಜಾಗ ಮುಟ್ಟಬಹುದು ಎಂದು ಕಾಯುವ ಕಾವಲುಗಾರ ಅದು; ಸ್ಟ್ರಿಕ್ಟ್ ಅಂದರೆ ಕೆಲಸ ಮುಗಿದ ತಕ್ಷಣ ಅನುಮತಿ ಕಿತ್ತುಕೊಳ್ಳುತ್ತದೆ. ಅಬಾರ್ಟ್ ಸಕ್ಸಸ್ ಅಂದ ಸ್ವಲ್ಪ ಹೊತ್ತಿಗೆ ಡಿಎಂಎ (ಸಾಧನ ಸಿಪಿಯು ಇಲ್ಲದೆ ನೇರ ಮೆಮೊರಿ ಮುಟ್ಟುವುದು) ರೈಟ್ ಫಾಲ್ಟ್ ಬಂತು. ಡಿಸ್ಕ್‌ಗಳನ್ನು ನಡೆಸುವ ಕಂಟ್ರೋಲರ್ ತನಗೆ ಸೇರದ ವಿಳಾಸಕ್ಕೆ ಬರೆಯಲು ಹೋಗಿತ್ತು. ಆ ವಿಳಾಸ ಸ್ವಲ್ಪ ಮುಂಚೆ ಅದೇ ರದ್ದಾದ ಕಮಾಂಡ್‌ನ ಬಫರ್ (ಡೇಟಾ ಬಂದಿಳಿಯುವ ಮೆಮೊರಿ ಜಾಗ) ಆಗಿತ್ತು!

ಡ್ರೈವರ್ ಸೋರ್ಸ್ ತೆಗೆದು ನೋಡಿದರೆ ವಿಷಯ ಕಣ್ಣಿಗೆ ರಾಚುವಂತಿತ್ತು. ಅಬಾರ್ಟ್ ಹ್ಯಾಂಡ್ಲರ್ ಕಂಟ್ರೋಲರ್‌ಗೆ ರದ್ದು ಸಂದೇಶ ಕಳಿಸುತ್ತದೆ, ಉತ್ತರಕ್ಕೆ ಕಾಯದೆ ಸಕ್ಸಸ್ ಎಂದು ವಾಪಸ್ ಬರುತ್ತದೆ. ಸಕ್ಸಸ್ ಅಂದ ಕ್ಷಣ ಆ ಕಮಾಂಡ್ ಮತ್ತು ಅದರ ಬಫರ್ ಎರಡೂ ಕರ್ನಲ್ ಕೈಗೆ ಮರಳುತ್ತವೆ. ಇಂದಲ್ಲ ನಾಳೆ ಆ ಪೇಜ್ ಬೇರೆ ಫೈಲಿನ ಪಾಲಾಗುತ್ತದೆ. ಇತ್ತ ಕಂಟ್ರೋಲರ್ ಒಳಗಿನ ಫರ್ಮ್‌ವೇರ್ ಇನ್ನೂ ಹಳೆ ಕಮಾಂಡ್ ಹಿಡಿದೇ ಕೂತಿರುತ್ತದೆ. ಬಾಡಿಗೆ ಮನೆಯ ಬೀಗದ ಕೈ ಹೊಸಬರಿಗೆ ಕೊಟ್ಟಾದ ಮೇಲೆ ಹಳೆಯವರು ಬಂದು ಸಾಮಾನು ಇಳಿಸಿದ ಹಾಗೆ. ಟ್ಯಾಗ್, ಅಂದರೆ ಪ್ರತಿ ಕಮಾಂಡ್‌ಗೆ ಕೊಡುವ ಗುರುತಿನ ಸಂಖ್ಯೆ, ಅದರ ವಿಚಾರದಲ್ಲೂ ಇದೇ ಅಪಾಯ. ಅದೇ ಟ್ಯಾಗ್ ಹೊಸ ಕಮಾಂಡ್‌ಗೆ ಸಿಕ್ಕಿದ್ದರೆ, ತಡವಾಗಿ ಬಂದ ಹಳೇ ಉತ್ತರ ಹೊಸದನ್ನೇ ಮುಗಿಸಿಬಿಡುತ್ತದೆ.

ಡ್ರೈವರ್ ಬರೆಯುವವರಿಗೆ ನನ್ನ ಕಳಕಳಿಯ ಮಾತು: ಕಂಟ್ರೋಲರ್ ಆ ಬಫರ್ ಅನ್ನು ಇನ್ನು ಮುಟ್ಟುವುದಿಲ್ಲ ಎಂದು ಖಾತ್ರಿ ಆಗುವ ತನಕ ಸಕ್ಸಸ್ ಅನ್ನಬೇಡಿ. ಖಾತ್ರಿ ಇಲ್ಲವಾ, ಫೇಲ್ಡ್ ಎನ್ನಿ. ಆಗ ಕರ್ನಲ್ ಡಿವೈಸ್ ರಿಸೆಟ್‌ಗೆ ಹೋಗುತ್ತದೆ, ಅದೂ ಆಗದಿದ್ದರೆ ಮೇಲಿನ ಹಂತಗಳನ್ನು ದಾಟಿ ಕೊನೆಗೆ ಹೋಸ್ಟ್ ರಿಸೆಟ್. ಕೆಲಸ ಸ್ವಲ್ಪ ಹೊತ್ತು ನಿಲ್ಲುತ್ತದೆ, ನಿಜ. ನಿಲ್ಲಲಿ ಬಿಡಿ, ಡೇಟಾ ಉಳಿಯುತ್ತದಲ್ವಾ?

ಅದೇ ಡ್ರೈವರ್‌ನಲ್ಲಿ ಇನ್ನೊಂದು ತೊಂದರೆಯೂ ಇತ್ತು. ಯಾರೂ ಕೇಳದೆ ಫರ್ಮ್‌ವೇರ್ ತಾನಾಗೇ ರದ್ದು ಮಾಡಿದ ಕಮಾಂಡ್‌ಗೂ 'ಡಿಐಡಿ ಅಬಾರ್ಟ್' ಎಂಬ ಫಲಿತಾಂಶದ ಕೋಡ್ (DID_ABORT) ಹಾಕುತ್ತಿತ್ತು. ಆ ಕೋಡ್ ಬಂದರೆ ಕರ್ನಲ್ ಮತ್ತೆ ಪ್ರಯತ್ನಿಸುವುದಿಲ್ಲ, ನೇರ ಐಒ ಎರರ್ ಕೊಡುತ್ತದೆ. ಫೈಲ್‌ಸಿಸ್ಟಮ್ ರೀಡ್ ಓನ್ಲಿ ಆಗಿ ಕೂರುವುದು ಹೀಗೆ. ಅಲ್ಲಿ ಬೇಕಿದ್ದದ್ದು 'ಡಿಐಡಿ ಸಾಫ್ಟ್ ಎರರ್' (DID_SOFT_ERROR), ಅದು ಬಂದರೆ ಕರ್ನಲ್ ಮತ್ತೆ ಕಳಿಸಿ ನೋಡುತ್ತದೆ.

ಹೊಸ ಕಂಟ್ರೋಲರ್ ಕಾರ್ಡ್ ಅಥವಾ ಹೊಸ ಡ್ರೈವರ್ ಕೈಗೆ ಬಂದರೆ ಡೇಟಾ ಹಾಕುವ ಮೊದಲೇ ಪರೀಕ್ಷೆ ಮಾಡಿ. ಖಾಲಿ ಡಿಸ್ಕ್ ಸಾಕು. ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ಸೆಟ್ಟಿಂಗ್‌ಗಳು ಫೈಲ್‌ಗಳಾಗಿ ಕಾಣುವ /sys) ಆ ಡಿಸ್ಕಿನ ಡಿವೈಸ್ ಫೋಲ್ಡರ್ ಒಳಗೆ ಟೈಮ್‌ಔಟ್ ಎಂಬ ಫೈಲ್ ಇದೆ. ಅದನ್ನು 30ರಿಂದ 1ಕ್ಕೆ ಇಳಿಸಿ. ಡಿಸ್ಕಿಗೆ ಲೋಡ್ ಕೊಟ್ಟು ಪರೀಕ್ಷಿಸುವ ಎಫ್‌ಐಒ (fio) ಟೂಲ್‌ನ ವೆರಿಫೈ ಆಯ್ಕೆ ಹಾಕಿ ಜೋರಾಗಿ ಲೋಡ್ ಕೊಡಿ. ಐಒಎಂಎಂಯು ಸ್ಟ್ರಿಕ್ಟ್ ಇರಲಿ. ಅಬಾರ್ಟ್‌ಗಳು ಬೀಳಲಿ, ಕರ್ನಲ್ ಲಾಗ್ ನೋಡುತ್ತಿರಿ. ಒಂದೇ ಒಂದು ಡಿಎಂಎ ಫಾಲ್ಟ್ ಕಂಡರೂ ಆ ಡ್ರೈವರ್ ಪ್ರೊಡಕ್ಷನ್‌ಗೆ ಬೇಡ.

ಡಿಸ್ಕ್ ಕಡೆಯಿಂದಲೂ ಒಂದು ಕೆಲಸ ಇದೆ. ಎಸ್‌ಸಿಟಿ ಇಆರ್‌ಸಿ (ಕೆಟ್ಟ ಸೆಕ್ಟರ್ ಜೊತೆ ಡಿಸ್ಕ್ ಎಷ್ಟು ಹೊತ್ತು ಒದ್ದಾಡಬಹುದು ಎಂಬ ಮಿತಿ) ಸೌಲಭ್ಯ ಇರುವ ಡಿಸ್ಕ್ ಆದರೆ ಸ್ಮಾರ್ಟ್‌ಸಿಟಿಎಲ್ (smartctl) ಟೂಲ್ ಮೂಲಕ ಮಿತಿಯನ್ನು 70ಕ್ಕೆ ಇಡಿ, ಅಂದರೆ 7 ಸೆಕೆಂಡ್. ಕರ್ನಲ್ ತಾಳ್ಮೆ ಮುಗಿಯುವ ಮೊದಲೇ ಡಿಸ್ಕ್ ತನ್ನ ಎರರ್ ಒಪ್ಪಿಸುತ್ತದೆ. ಸೌಲಭ್ಯ ಇಲ್ಲದಿದ್ದರೆ ಕರ್ನಲ್ ಟೈಮ್‌ಔಟ್ ಅನ್ನೇ 180 ಸೆಕೆಂಡ್‌ಗೆ ಏರಿಸಿ. ಇದರಿಂದ ಡ್ರೈವರ್ ರಿಪೇರಿ ಆಗುವುದಿಲ್ಲ, ಅಬಾರ್ಟ್ ಬೀಳುವ ಸಂದರ್ಭ ಕಡಿಮೆ ಆಗುತ್ತದೆ ಅಷ್ಟೆ.

ನಮ್ಮದು ಜೆಡ್‌ಎಫ್‌ಎಸ್ ಫೈಲ್‌ಸಿಸ್ಟಮ್, ಡೇಟಾ ಕೆಟ್ಟರೆ ಹಿಡಿಯುವ ಚೆಕ್‌ಸಮ್ ಇದೆ ಎಂದು ಸುಮ್ನೆ ಕೂರಬೇಡಿ. ಬರೆಯಬೇಕಾದ ಪೇಜ್ ಮೆಮೊರಿಯಲ್ಲೇ ಕೆಟ್ಟು, ಚೆಕ್‌ಸಮ್ ಆಮೇಲೆ ಲೆಕ್ಕವಾದರೆ, ತಪ್ಪು ಡೇಟಾಕ್ಕೇ ಸರಿ ಎಂಬ ಮುದ್ರೆ ಬೀಳುತ್ತದೆ. ನಿಮ್ಮ ಲಾಗ್‌ನಲ್ಲಿ ಅಬಾರ್ಟ್ ಸಾಲುಗಳು ಈಗಾಗಲೇ ಇದ್ದರೆ ಮೊದಲ ಸಾಲಿನ ದಿನಾಂಕ ಬರೆದಿಟ್ಟುಕೊಳ್ಳಿ. ಅದಕ್ಕೂ ಹಿಂದಿನ ಬ್ಯಾಕಪ್ ಅಳಿಸಬೇಡಿ. ಅದಾದ ಮೇಲೆ ಬದಲಾಗಲೇಬಾರದಿದ್ದ ಫೈಲ್‌ಗಳನ್ನು ಆ ಬ್ಯಾಕಪ್ ಜೊತೆ ಬೈಟ್‌ಗೆ ಬೈಟ್ ಹೋಲಿಸಿ ನೋಡಿ.